ಪಿನ್ನುಗಳನ್ನು ಗಟ್ಟಿಯಾಗಿ ಓದಿಸಿದವರು

ಯಂತ್ರಗಳೊಳಗಿನ ಪುಟ್ಟ ಕಂಪ್ಯೂಟರುಗಳಿಗೆ ತಮ್ಮ ಮೈಯ ಪರಿಚಯವನ್ನೇ ಮಾಡಿಕೊಡಬೇಕಾದ ವಿದ್ಯೆಯೊಂದಿದೆ. ಆ ವಿದ್ಯೆಯಲ್ಲಿ ಚೆನ್ನೈಯ ಎಂಬೆಡೆಡ್ ವಲಯ ಗೌರವದಿಂದ ನೆನೆಯುವ ಹೆಸರು ಶ್ರೀ ವಿಷ್ಣುಮೂರ್ತಿಯವರದು. ಕಂಪ್ಯೂಟರ್ ಚಿಪ್ಪಿನ ಕಾಲಿನಂತಿರುವ ಒಂದೇ ಪಿನ್ನು ಗುಂಡಿ ಒತ್ತಿದ್ದನ್ನು ತಿಳಿಯಬಲ್ಲದು, ದೀಪ ಹೊತ್ತಿಸಬಲ್ಲದು, ಇನ್ನೊಂದು ಚಿಪ್ಪಿನೊಡನೆ ಮಾತನಾಡಬಲ್ಲದು. ಯಾವ ಪಿನ್ನಿಗೆ ಯಾವ ಕೆಲಸ, ಕೆಲಸವಿಲ್ಲದಾಗ ಅದು ಹೇಗಿರಬೇಕು ಎಂಬುದನ್ನು ಡಿವೈಸ್ ಟ್ರೀ ಎಂಬ ಕಡತದಲ್ಲಿ ಬರೆದುಕೊಡಬೇಕು. ಬರೆಯುವವರು ಬಹಳ ಮಂದಿ. ಬರೆದದ್ದನ್ನು ಗಟ್ಟಿಯಾಗಿ ಓದಿಸಿ ಕೇಳಿದವರು, ನಾನು ಕಂಡಂತೆ, ಇವರೊಬ್ಬರೇ.

ಕುಂದಾಪುರದ ಕಡೆಯಿಂದ ಬಂದು ಹೋಟೆಲು ನಡೆಸಿದ ಮನೆತನದಲ್ಲಿ ಬೆಳೆದ ಅವರು, ಮಣಲಿಯ ಕಾರ್ಖಾನೆಗಳ ಮಾಪಕಗಳನ್ನು ರೂಪಿಸುತ್ತ ವೃತ್ತಿ ಆರಂಭಿಸಿ, ಪೋರೂರಿನ ನಮ್ಮ ಸಂಸ್ಥೆಗೆ ಹಿರಿಯ ಎಂಜಿನಿಯರರಾಗಿ ಬಂದರು. ನನ್ನ ತಂದೆ ಅಲ್ಲೇ ಹತ್ತಿರದ ಹೋಟೆಲಿನಲ್ಲಿ ಅಡುಗೆಯವರು. ತಂದೆಯ ಕಾಯಿಲೆಯಿಂದಾಗಿ ಹತ್ತನೆಯ ತರಗತಿಗೇ ಶಾಲೆ ಬಿಟ್ಟ ನನ್ನನ್ನು, ಆ ಹೋಟೆಲಿಗೆ ಕಾಫಿಗೆ ಬರುತ್ತಿದ್ದ ವಿಷ್ಣುಮೂರ್ತಿಯವರು ಬೆಸುಗೆಯ ಬೆಂಚಿಗೆ ಸೇರಿಸಿಕೊಂಡರು. ಯಾರೊಡನೆಯೂ ಮಾತಾಡದ ನನಗೇ ಓದುವ ಕೆಲಸ ಕೊಟ್ಟರು. "ಓದು ಮಾರಾಯ್ತಿ, ಪಿನ್ನು ಕಚ್ಚುದಿಲ್ಲ" ಎನ್ನುತ್ತಿದ್ದರು. ಹೊಸ ಸರ್ಕ್ಯೂಟ್ ಬೋರ್ಡು ಹೊರಡುವ ಮುನ್ನ ನಾನು ಅದರ ಕಡತವನ್ನು ಸಾಲುಸಾಲಾಗಿ ಓದುವುದು, ಅವರು ಸರ್ಕ್ಯೂಟಿನ ನಕ್ಷೆಯ ಮೇಲೆ ಬೆರಳಿಟ್ಟು ಕೇಳುವುದು, ಅನುಮಾನ ಬಂದರೆ "ನಿಲ್ಲು" ಎನ್ನುವುದು. ಆ ಒಂದು ಮಾತಿಗೆ ನಾನು ಬಹಳ ಕಾಲ ಹೆದರಿದ್ದೆ.

ಕಾಸಿಮೇಡಿನ ಮೀನುಗಾರರ ಬೋಟುಗಳಿಗಾಗಿ ನಾವು ಒಂದು ಉಪಕರಣ ಮಾಡಿದೆವು. ಆಪತ್ತಿನಲ್ಲಿ ಗುಂಡಿ ಒತ್ತಿದರೆ ದಡಕ್ಕೆ ಕರೆ ಮುಟ್ಟುತ್ತದೆ. ಮೀನುಗಾರಿಕೆಗೆ ನಿಷೇಧವಿದ್ದ ತಿಂಗಳುಗಳಲ್ಲಿ ಅವನ್ನು ಬೋಟುಗಳಿಗೆ ಜೋಡಿಸಿದ್ದಾಗಿತ್ತು. ನಿಷೇಧ ಮುಗಿಯಲು ಇನ್ನೇನು ವಾರವಿದೆ ಎನ್ನುವಾಗ, ಬೆಳಗಿನ ಜಾವ, ಜೆಟ್ಟಿಗೆ ಕಟ್ಟಿದ್ದ ಖಾಲಿ ಬೋಟೊಂದು ತಾನಾಗಿಯೇ ಆಪತ್ತಿನ ಕರೆ ಕಳಿಸಿತು. ಮರುದಿನ ಇನ್ನೊಂದು. "ಎನ್ನ ಸಾರ್, ಕಟ್ಟಿಹಾಕಿದ ಬೋಟು ಮುಳುಗ್ತದಾ?" ಎಂದು ಬೋಟಿನ ಮಾಲೀಕರು ತಮಿಳು ಬೆರೆಸಿ ಫೋನಿನಲ್ಲಿ ಹಂಗಿಸಿದರು. ಸುಳ್ಳು ಕರೆ ನಿಲ್ಲದಿದ್ದರೆ ಎಲ್ಲವನ್ನೂ ಕಿತ್ತಿಟ್ಟೇ ಕಡಲಿಗೆ ಹೋಗುವುದಾಗಿ ಹೇಳಿದರು.

ಉತ್ಪಾದನೆಯ ಮೇಲ್ವಿಚಾರಕರಾದ ಅಜಿತ್ ನೇರವಾಗಿ ಬೆಂಚಿಗೆ ಬಂದರು. "ಬೆಸುಗೆದಾನ್ ಪ್ರಾಬ್ಲಮ್, ಸಾರ್. ಗುಂಡಿಯ ತಂತಿ ಕೂರಿಸಿದ್ದು ವೀಕ್ಷಾ. ನಾಳೆಯಿಂದ ಬೇರೆಯವರನ್ನ ಕೂರಿಸೋಣ."

ವೀಕ್ಷಾ ಎಂದರೆ ನಾನೇ; ಆ ಬೆಂಚು ಹೋದರೆ ನನಗೆ ಬೇರೆ ಕೆಲಸವಿರಲಿಲ್ಲ.

"ಮೊದಲು ಓದುವ. ಗಲಾಟೆ ಆಮೇಲೆ" ಎಂದರು ವಿಷ್ಣುಮೂರ್ತಿಯವರು.

ಕಡತ ತೆರೆದು ಓದಿದೆ. ದೀಪ, ಆಂಟೆನಾ, ಬ್ಯಾಟರಿ. "ಆಪತ್ತಿನ ಗುಂಡಿ. ಒಳಬರುವ ಸಂಕೇತ. ಚಿಪ್ಪಿನೊಳಗಿನ ಆಸರೆ ಬೇಡ."

"ನಿಲ್ಲು."

ಅವರ ಬೆರಳು ನಕ್ಷೆಯ ಮೇಲೆ ಏನನ್ನೋ ಹುಡುಕಿತು. "ಅಜಿತ್, ಇಲ್ಲಿದ್ದ ರೆಸಿಸ್ಟರ್ ಎಲ್ಲಿ?"

"ಜಾಗ ಇಲ್ಲಾಂತ ಈ ಬೋರ್ಡಲ್ಲಿ ತೆಗೆದ್ವಲ್ಲ ಸಾರ್. ಚಿಪ್ಪಿನೊಳಗಿನ ಆಸರೆಯೇ ಸಾಕು ಅಂತ ನೀವೇ ಹೇಳಿದ್ರಿ."

"ಹೇಳಿದೆ. ಬರೆಯಲಿಲ್ಲ."

ಹೊರಗಿನ ಆಸರೆಯಾಗಿ ರೆಸಿಸ್ಟರ್ ಇದ್ದ ಹಳೆಯ ಬೋರ್ಡಿನ ಕಡತವನ್ನೇ ನಕಲು ಮಾಡಿಕೊಂಡಿದ್ದರಿಂದ, ಯಾರೂ ಒತ್ತದಿರುವಾಗ ಆ ಪಿನ್ನನ್ನು ಹಿಡಿದಿಡಲು ಹೊರಗೂ ಏನಿಲ್ಲ, ಒಳಗೂ ಏನಿಲ್ಲ. ಅವರು ಬೆಂಚಿನವರನ್ನೆಲ್ಲ ಕರೆದು ತಮ್ಮ ಹೋಟೆಲಿನ ಭಾಷೆಯಲ್ಲೇ ಬಿಡಿಸಿದರು. "ಎಲ್ಲಿ ನಿಲ್ಲಬೇಕು ಅಂತ ಯಾರೂ ಹೇಳದ ಸಪ್ಲಾಯರ್ ಈ ಪಿನ್ನು. ಗಿರಾಕಿ ಕೆಮ್ಮಿದ್ರೂ ಕರೆದ್ರು ಅಂತ ಓಡ್ತಾನೆ. ನಮ್ಮ ಏಸಿ ರೂಮಲ್ಲಿ ಕೆಮ್ಮುವವರಿಲ್ಲ, ಕಡಲ ಹತ್ರ ಬೆಳಗಿನ ತಂಪೇ ಸಾಕು, ಇವ ಓಡ್ಲಿಕ್ಕೆ." ಬಳಿಕ ಎಲ್ಲರೂ ಕೇಳುವಂತೆ ಹೇಳಿದರು: "ಬೆಸುಗೆ ಸರಿ ಉಂಟು. ತಪ್ಪು ನಂದು. ಹಳೇ ಬೋರ್ಡಿನ ತಮ್ಮನೇ ಅಲ್ವಾ ಅಂತ ಈ ಸಲ ಓದಿಸ್ಲಿಲ್ಲ." ಬೋಟಿನ ಮಾಲೀಕರಿಗೂ ಅದೇ ಮಾತನ್ನು ಅಷ್ಟೇ ಸ್ಪಷ್ಟವಾಗಿ ಹೇಳಿದರು.

ಕಡತದಲ್ಲಿ "ಆಸರೆ ಬೇಡ" ಎಂಬ ಒಂದೇ ಸಾಲು "ಆಸರೆ ಬೇಕು" ಎಂದು ಬದಲಾಯಿತು. ಯಾವ ಬೆಸುಗೆಯನ್ನೂ ಬಿಚ್ಚಬೇಕಾಗಲಿಲ್ಲ. ಕಾಸಿಮೇಡಿಗೆ ನನ್ನನ್ನೂ ಕರೆದೊಯ್ದರು. ಹೊಸ ಕಡತ ತುಂಬಿದ ಮರುದಿನ ಬೆಳಗಿನ ಜಾವ, ಮೀನು ಹರಾಜಿನ ಕಟ್ಟೆಯ ಪಕ್ಕದಲ್ಲಿ ಕಾದೆವು. ಇಬ್ಬನಿಯಲ್ಲಿ ತೊಯ್ದ ಬೋಟುಗಳೆಲ್ಲ ಸುಮ್ಮನಿದ್ದವು. "ಈಗ ನೀನು ಒತ್ತು" ಎಂದರು. ಒತ್ತಿದೆ. ಕರೆ ತಕ್ಷಣ ದಡಕ್ಕೆ ಮುಟ್ಟಿತು. ಅಂದು ಎಷ್ಟೋ ದಿನಗಳ ಮೇಲೆ ನಾನು ಉಸಿರನ್ನು ಪೂರ್ತಿ ಬಿಟ್ಟೆ. ನಮ್ಮೊಡನೆ ಬಂದಿದ್ದ ಅಜಿತ್ ಅವರೇ ಟೀ ತಂದು ಕೈಗಿತ್ತು, "ಕೋಪ ಇಲ್ವಲ್ಲಮ್ಮ?" ಎಂದು ಕೇಳಿದರು. ನಿಷೇಧ ಮುಗಿದ ದಿನ ಬೋಟುಗಳು ಉಪಕರಣ ಸಮೇತ ಕಡಲಿಗಿಳಿದವು.

ಈಗ ಅಜಿತ್ ಅವರೇ ನಕ್ಷೆಯ ಮೇಲೆ ಬೆರಳಿಟ್ಟು ಕೂರುತ್ತಾರೆ. ನಾನು ಓದುತ್ತೇನೆ, ಹಳೆಯ ಬೋರ್ಡಿನ ತಮ್ಮನಾದರೂ ಬಿಡದೆ ಓದುತ್ತೇನೆ. ನಿವೃತ್ತರಾಗುತ್ತಿರುವ ಪೂಜ್ಯರಿಗೆ ಆಯುರಾರೋಗ್ಯಗಳು ಕೂಡಿಬರಲಿ, ಹೊಸ ಬೋರ್ಡುಗಳು ಅವರ ಕೈಗೆ ಬರುತ್ತಲೇ ಇರಲಿ. ನಮ್ಮ ಬೆಂಚಿನ ಬಳಿ ಅವರ ಸ್ಟೂಲನ್ನು ಯಾರೂ ಸರಿಸಿಲ್ಲ. ಸಾರ್, ಬಿಡುವಾದಾಗ ಬನ್ನಿ. ಓದಲು ನಾವಿದ್ದೇವೆ; "ನಿಲ್ಲು" ಎನ್ನಲು ತಾವು ನೂರು ಕಾಲ ಇರಬೇಕು.