ಆಯುಧಪೂಜೆಯ ದಿನ ಬಾಗಿಲಿಗೆ ಬಂದ ಪೊಲೀಸರು

ಪೊಲೀಸರು ಬಾಗಿಲಲ್ಲಿ ನಿಂತು ಮನೆಯಲ್ಲಿ ಬಂದೂಕು ಇದೆಯೇ ಎಂದು ಕೇಳಿದರು. ಇದೆ ಎಂದು ಹೇಳಿ, ನಿಮ್ಮ ತಾತ ತರಲು ಒಳಗೆ ಹೋದರು.

ತೋರಿಸಲು, ಮಕ್ಕಳೇ. ಬರೀ ತೋರಿಸಲು.

ಕಳೆದ ಭಾನುವಾರ ಮೊಮ್ಮಕ್ಕಳಾದ ನಿಮ್ಮಲ್ಲೊಬ್ಬಳು ಫೋನ್ ಮಾಡಿದ್ದಳು. ಬೀದಿಯಲ್ಲಿ ಎಲ್ಲರ ಮನೆಯ ಮುಂದೆ ಹ್ಯಾಲೋವೀನ್ ಹಬ್ಬದ ಕುಂಬಳಕಾಯಿ ಇದೆ, ನಿನ್ನ ಪೋರ್ಚಿನಲ್ಲಿ ಮಾತ್ರ ಯಾಕಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮಂಡಿನೋವು, ಯಾರು ಎತ್ತಿಡುತ್ತಾರೆ ಎಂದು ಹೇಳಿ ಫೋನ್ ಇಟ್ಟೆ. ಮಂಡಿನೋವು ನಿಜ, ಕಾರಣ ಅದಲ್ಲ. ವಾರ ವಾರ ಈ ಅಂಕಣದಲ್ಲಿ ಹಪ್ಪಳ, ಹಿಮ, ಹಬ್ಬ ಎಂದು ಬರೆದುಕೊಂಡು ಬಂದವಳು ನಾನು. ಬಂದೂಕಿನ ಬಗ್ಗೆ ಬರೆಯುತ್ತೇನೆಂದು ನೀವು ಎಣಿಸಿರಲಿಕ್ಕಿಲ್ಲ. ನಾನೂ ಎಣಿಸಿರಲಿಲ್ಲ.

ಅರವತ್ತೇಳರ ವರ್ಣಗಲಭೆಯಲ್ಲಿ ಡೆಟ್ರಾಯಿಟ್ ಹೊತ್ತಿ ಉರಿದ ಬೇಸಿಗೆಯ ನಂತರದ ಮಾತು ಇದು. ನಾವಿದ್ದದ್ದು ನಗರದಿಂದ ಉತ್ತರಕ್ಕೆ, ಈಗ ಆಬರ್ನ್ ಹಿಲ್ಸ್ ಎನ್ನುತ್ತಾರಲ್ಲ, ಆ ಕಡೆ. (ಆಗ ಆ ಹೆಸರೇ ಇರಲಿಲ್ಲ.) ಬೆಂಕಿ ನಮ್ಮಿಂದ ಎಷ್ಟೋ ಮೈಲಿ ದೂರ. ಹೊಗೆ ಕಂಡದ್ದೂ ಟಿವಿಯಲ್ಲೇ. ಆದರೆ ಹೆದರಿಕೆ ಮೈಲಿ ನೋಡಿಕೊಂಡು ಬರುತ್ತದೆಯೇ? ಬೀದಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಬಂದೂಕು ತಂದರು. ಯಾರ ಹೆದರಿಕೆ ಎಂದು ನಮ್ಮೆದುರು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಾತು ಅಲ್ಲಿಗೆ ಬಂದಾಗ ನಮ್ಮ ಮೈಬಣ್ಣ ನೋಡಿ ಸುಮ್ಮನಾಗುತ್ತಿದ್ದರು.

ನಿಮ್ಮ ತಾತ ಕಾರು ಕಂಪನಿಯಲ್ಲಿ ಇಂಜಿನಿಯರು. ಒಂದು ಶನಿವಾರ ಅವರೂ ಕಂಬಳಿಯಲ್ಲಿ ಸುತ್ತಿ ಒಂದನ್ನು ತಂದರು. ಎರಡನೇ ಮಹಾಯುದ್ಧದ್ದು, ಮಿಲಿಟರಿಯವರು ಬೇಡವೆಂದು ಮಾರಿದ ಹಳೆಯ ತ್ರೀ ನಾಟ್ ತ್ರೀ ರೈಫಲ್. ಅಂಗಡಿಯಲ್ಲಿ ಪೀಪಾಯಿಯೊಳಗೆ ಪೊರಕೆಗಳ ಹಾಗೆ ನಿಲ್ಲಿಸಿದ್ದರಂತೆ. ಇದ್ದುದರಲ್ಲಿ ಅಗ್ಗದ್ದನ್ನು ಆರಿಸಿದ್ದರು. ಹುಡುಗಿಯಾಗಿದ್ದಾಗ ಅಂಥದನ್ನು ನಮ್ಮ ಪೊಲೀಸ್ ಠಾಣೆಯ ಪೇದೆಯ ಹೆಗಲಲ್ಲಿ ಕಂಡು, ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದವಳು ನಾನು. ಈಗ ಅದು ನಮ್ಮ ಬೇಸ್‌ಮೆಂಟಿನಲ್ಲಿ, ವಾಷಿಂಗ್ ಮಷೀನಿನ ಪಕ್ಕದಲ್ಲಿ.

"ಮಗು ಇರೋ ಮನೆ ಕಣ್ರೀ," ಅಂದೆ.

"ಅದಕ್ಕೇ ತಂದಿದ್ದು," ಅಂದರು.

ಮಗು ಎಂದರೆ ನಿಮ್ಮ ಅಮ್ಮ. ಆಗಿನ್ನೂ ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದಳು.

ಮೈಸೂರಿನ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದವರು ಅವರು. ಆ ರೈಫಲನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸಬಲ್ಲೆ ಎನ್ನುತ್ತಿದ್ದರು. ಹೊಸ ಬಿಡಿಭಾಗ ಕೊಳ್ಳುವ ಮಾತೇ ಇಲ್ಲ. ನಳಿಗೆಯ ಕೆಳಗಿನ ಮರ ಉದ್ದವಾಯಿತೆಂದು ಗರಗಸ ಹಿಡಿದು ತಾವೇ ಕೊಯ್ದರು. ಉಪ್ಪುಕಾಗದದಲ್ಲಿ ತಿಕ್ಕಿ ತಿಕ್ಕಿ, ಅಗಸೆ ಎಣ್ಣೆ ಸವರಿ, ಮನೆಯೆಲ್ಲ ಅದರದೇ ವಾಸನೆ. ಭುಜಕ್ಕೆ ಒತ್ತುವ ಜಾಗಕ್ಕೆ ಫ್ಯಾಕ್ಟರಿಯಲ್ಲಿ ಬಿಸಾಡಿದ್ದ ರಬ್ಬರ್ ತುಂಡು. ಹೆಗಲಿಗೆ ಹಾಕುವ ಪಟ್ಟಿ ನಾವು ಬೊಂಬಾಯಿಯಲ್ಲಿ ವಿಮಾನ ಹತ್ತುವಾಗ ಹಾಸಿಗೆ ಸುತ್ತಿ ತಂದಿದ್ದ ಹೋಲ್ಡಾಲಿನದು. ನಳಿಗೆಯೊಳಗೆ ಎಳೆದು ಒರೆಸುವ ಬಟ್ಟೆ ನನ್ನ ವಾಯಿಲ್ ಸೀರೆಯದು. ಗುಂಡು ತುಂಬಲು ಹಿಂದಕ್ಕೆಳೆಯುವ ಹಿಡಿಗೆ ಬೋಲ್ಟ್ ಎನ್ನುತ್ತಾರೆ; ಎಣ್ಣೆ ಹಚ್ಚಿ ಅದನ್ನು ಎಳೆದರೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗಬೇಕು, ಅಷ್ಟು ಹಟ.

ಅವರು ತಂದಿದ್ದ ಅಗ್ಗದ ಗುಂಡುಗಳು ನಳಿಗೆಯೊಳಗೆ ಒಂದು ಬಗೆಯ ಉಪ್ಪು ಬಿಡುತ್ತಿದ್ದವಂತೆ, ತೊಳೆಯದಿದ್ದರೆ ತುಕ್ಕು. ಗುಂಡು ಹಾರಿಸುವುದನ್ನು ಅಭ್ಯಾಸ ಮಾಡಿ ಬಂದ ದಿನ ಅದಕ್ಕೆ ಕುದಿಯುವ ನೀರು ಹುಯ್ಯುವ ಕೆಲಸ ನನ್ನದು. ಅವರು ಹಿಡಿದುಕೊಳ್ಳುತ್ತಿದ್ದರು, ನಾನು ಆಲಿಕೆ ಇಟ್ಟು ಹುಯ್ಯುತ್ತಿದ್ದೆ. ನಳಿಗೆಯ ಬಾಯಿಯ ನೇರಕ್ಕೆ ಬರದೆ, ಪಕ್ಕಕ್ಕೆ ಸರಿದೇ ನಿಲ್ಲುತ್ತಿದ್ದೆ. ಖಾಲಿ ಬಂದೂಕಿಗೂ ಹೆದರುತ್ತೀಯಲ್ಲ ಎಂದು ನಗುತ್ತಿದ್ದರು. ಖಾಲಿಯೋ ತುಂಬಿದೆಯೋ ಎಂದು ಅದರ ಮುಖ ನೋಡಿದರೆ ಗೊತ್ತಾಗುತ್ತದೆಯೇ?

ಆ ವರ್ಷ ಆಯುಧಪೂಜೆಗೆ ರಜೆ ಹಾಕಿದರು. ಗ್ಯಾರೇಜಿನಲ್ಲಿ ಬಿಳಿ ಬೆಡ್‌ಶೀಟ್ ಹಾಸಿ ಸ್ಪ್ಯಾನರು, ಗರಗಸ, ಲೆಕ್ಕ ಹಾಕುವ ಸ್ಲೈಡ್ ರೂಲು, ನನ್ನ ಹೊಲಿಗೆ ಮಷೀನು ಜೋಡಿಸಿದರು. ನಡುವೆ ರೈಫಲ್. ಅದಕ್ಕೆ ಕುಂಕುಮ, ಅದಕ್ಕೊಂದು ಸೇವಂತಿಗೆ ಹಾರ. ಆಯುಧಪೂಜೆಯಲ್ಲಿ ನಿಜವಾದ ಆಯುಧ ಇಟ್ಟಿರೋದು ಇಡೀ ಮಿಷಿಗನ್‌ನಲ್ಲಿ ನಾವೊಬ್ಬರೇ ಇರಬೇಕು ಎಂದು ಅವರಿಗೆ ಸಂಭ್ರಮ.

ಕಾರಿನ ಮುಂದೆ ಒಡೆಯಲು ಬೂದುಗುಂಬಳ ಬೇಕಲ್ಲ? ಇಲ್ಲಿ ಎಲ್ಲಿಂದ ತರುವುದು? ಹ್ಯಾಲೋವೀನ್‌ಗೆ ಮಾರುವ ಕುಂಬಳಕಾಯಿ ತಂದರು. ಅದಕ್ಕೆ ಸಣ್ಣ ತೂತು ಕೊರೆದು ಕುಂಕುಮದ ನೀರು ತುಂಬಿದರು. ಐವತ್ತು ಡಿಗ್ರಿ (ಊರಿನ ಲೆಕ್ಕದಲ್ಲಿ ಹತ್ತು) ಚಳಿಯಲ್ಲಿ ಬರೀ ಪಂಚೆ, ಶಲ್ಯ. ಡ್ರೈವ್‌ವೇಯಲ್ಲಿ ನಿಂತು, ತಲೆಯ ಮೇಲೆತ್ತಿ ಹೊಡೆದರು. ಕೆಂಪು ನೀರು ನೆಲಕ್ಕೆಲ್ಲ, ಪಂಚೆಗೆಲ್ಲ, ಮೊಣಕೈತನಕ. ಆಮೇಲೆ ಮಗುವಿನ ಕೈಗೆ ಸಿಗಬಾರದೆಂದು ರೈಫಲನ್ನು ಎತ್ತಿಕೊಂಡು ಒಳಗೆ ನಡೆದರು.

ನಾನು ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದೆ. ಹಬ್ಬದ ಕೆಲಸದಲ್ಲಿ ಎರಡು ದಿನದಿಂದ ಹೊರಗೆ ಮುಖ ಹಾಕಿರಲಿಲ್ಲ.

ಆಗ ಬಂದರು ಪೊಲೀಸರು. ಒಬ್ಬ ಹಿರಿಯ, ಒಬ್ಬ ತೀರ ಎಳಬ. ಎದುರುಮನೆಯವರು ಫೋನ್ ಮಾಡಿದ್ದಾರೆ, ಬಂದೂಕು ಇದೆಯೇ ಎಂದು ಕೇಳಿದರು. ಮುಂದಿನದನ್ನು ಮೊದಲೇ ಹೇಳಿದೆನಲ್ಲ. ನಿಲ್ಲಿ ಎಂದು ಆ ಹಿರಿಯ ಹೇಳುವಷ್ಟರಲ್ಲಿ ನಿಮ್ಮ ತಾತ ಬೇಸ್‌ಮೆಂಟಿನ ಮೆಟ್ಟಿಲು ಇಳಿದಿದ್ದರು. ದೊಡ್ಡವರು ಕೇಳಿದಾಗ ವಸ್ತುವನ್ನು ತಂದು ಎದುರಿಗಿಡುವುದು ನಮ್ಮಲ್ಲಿ ಮರ್ಯಾದೆ. ಈ ದೇಶದಲ್ಲಿ ಅದು ಏನೆಂದು ಅವರಿಗೆ ಹೇಗೆ ಗೊತ್ತಿರಬೇಕು?

ಅದೂ ಸಾಲದೆಂದು ಎನ್‌ಸಿಸಿಯ ರೂಢಿ ಬೇರೆ. ತಪಾಸಣೆಗೆ ತೋರಿಸುವ ಮುಂಚೆ ಬೋಲ್ಟ್ ಎಳೆದು, ಒಳಗೆ ಗುಂಡಿಲ್ಲ ಎಂದು ತೋರಿಸಬೇಕಂತೆ. ಮೆಟ್ಟಿಲು ಹತ್ತುತ್ತಾ ಎಳೆದರು.

ಖಟಕ್.

ಬಂದೂಕು ಖಾಲಿ ಮಾಡುವ ಸದ್ದೂ ತುಂಬುವ ಸದ್ದೂ ಕೇಳುವವರಿಗೆ ಒಂದೇ. ಎಳೆಯ ಪೊಲೀಸಿನವನ ಕೈಯಲ್ಲಿ ಪಿಸ್ತೂಲು ಬಂದಿತ್ತು. ಬೆರಳು ಟ್ರಿಗರಿನ ಮೇಲೇ ಇತ್ತು. ನನಗೆ ಹೆಚ್ಚು ಹೆದರಿಕೆಯಾದದ್ದು ಅದನ್ನು ಕಂಡೇ. ಪೊಲೀಸರ ದನಿ ಕೇಳಿ ನಾನು ಮಗುವನ್ನು ಸೊಂಟಕ್ಕೇರಿಸಿಕೊಂಡು ಅಡುಗೆಮನೆಯಿಂದ ಬಂದಿದ್ದೆ. ನಾನಿದ್ದದ್ದು ಬಾಗಿಲಿಗೂ ಬೇಸ್‌ಮೆಂಟಿನ ಮೆಟ್ಟಿಲಿಗೂ ನಡುವೆ. ಸರಿಯಬೇಕೆಂದು ತೋಚಲಿಲ್ಲ. ಅವರ ತಲೆ ಕಂಡಿತು, ಆಮೇಲೆ ಕೆಂಪು ಕೈ, ಹಾರ ಹಾಕಿದ ಬಂದೂಕು. ಮುಖದಲ್ಲಿ ನಗು.

"ರೀ, ಅಲ್ಲೇ ನಿಲ್ಲಿ," ಅಂದೆ. ಧ್ವನಿ ನನ್ನದೇ ಎಂದು ನನಗೆ ಅನ್ನಿಸಲಿಲ್ಲ. "ಅದನ್ನ ಕೆಳಗಿಡಿ. ಮೆಲ್ಲಗೆ. ದೇವರ ಮುಂದೆ ತಟ್ಟೆ ಇಡೋ ಹಾಗೆ ಇಡಿ."

ಯಾಕೆ ಎಂದು ಕೇಳದೆ ಅವರು ನನ್ನ ಮಾತು ಕೇಳಿದ್ದು ಅದೇ ಮೊದಲು. ಬಗ್ಗಿ ನೆಲದ ಮೇಲಿಟ್ಟರು. ಬಗ್ಗಿದವರು ತಲೆಯೆತ್ತಿ ಆ ಪಿಸ್ತೂಲನ್ನು ನೋಡಿದರು. ನಗು ಆಗ ಹೋಯಿತು.

ಆಮೇಲಿನದೆಲ್ಲ ಸುಲಭ. ಹಿರಿಯ ಪೊಲೀಸ್ ಕೆಂಪನ್ನು ಬೆರಳಲ್ಲಿ ಮುಟ್ಟಿ ಮೂಸಿ ನೋಡಿದ. ಡ್ರೈವ್‌ವೇಯಲ್ಲಿ ಕುಂಬಳಕಾಯಿಯ ಹೋಳು ಕಂಡ. ಉಪಕರಣಗಳ ಪೂಜೆ ಎಂದು ತಾತ ವಿವರಿಸಿದರು. ಅವನು ನಳಿಗೆಯೊಳಗೆ ಕಣ್ಣಿಟ್ಟು, ಇಷ್ಟು ಚೊಕ್ಕಟ ಬಂದೂಕು ತಾನು ನೋಡಿಯೇ ಇಲ್ಲ ಎಂದ. ನಂಬುತ್ತೀರಾ, ಅಂಥ ಹೊತ್ತಿನಲ್ಲೂ ನಿಮ್ಮ ತಾತನ ಮುಖ ಅರಳಿತು! ನಾನು ಅಡುಗೆಮನೆಗೆ ಹೋಗಿ ನೆಲದ ಮೇಲೆ ಕುಳಿತೆ. ಕಾವಲಿಯ ಮೇಲಿನ ಒಬ್ಬಟ್ಟು ಇದ್ದಿಲಾಗಿತ್ತು.

ಇಲ್ಲಿಗೆ ಮುಗಿದಿದ್ದರೆ ನಾನು ಕುಂಬಳಕಾಯಿಗೆ ಹೆದರುತ್ತಿರಲಿಲ್ಲ.

ಮರುದಿನ ಎದುರುಮನೆಯ ಡೋರಥಿ ಬಂದರು. ಗಂಡನನ್ನು ಕಳೆದುಕೊಂಡ ಹೆಂಗಸು, ನನ್ನ ಅಮ್ಮನ ವಯಸ್ಸು. ನನಗೆ ಸ್ವೆಟರ್ ಹೆಣೆಯಲು, ಹಿಮದಲ್ಲಿ ಜಾರದೆ ನಡೆಯಲು ಕಲಿಸಿದವರು. ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡು ಅತ್ತರು. ಎರಡು ದಿನದಿಂದ ನೀನು ಕಂಡಿರಲಿಲ್ಲ ಚಿನ್ನಾ, ಅವನ ಕೈಯಲ್ಲಿ ಬಂದೂಕು, ಮೈಮೇಲೆ ಕೆಂಪು ಕಂಡು, ನಿನ್ನನ್ನೂ ಮಗುವನ್ನೂ ಅವನು ಮುಗಿಸಿಬಿಟ್ಟ ಅಂದುಕೊಂಡೆ ಎಂದರು. ನನಗೂ ಅಳು ಬಂತು. ನನಗಾಗಿ ಹೆದರುವವರು ಈ ದೇಶದಲ್ಲಿ ಒಬ್ಬರಿದ್ದರಲ್ಲ!

ಅವರ ಕಂಕುಳಲ್ಲಿ ಟವೆಲ್ ಸುತ್ತಿದ ಉದ್ದದ ವಸ್ತು ಇತ್ತು. ಅದನ್ನು ನಮ್ಮ ಊಟದ ಮೇಜಿನ ಮೇಲೆ ಬಿಚ್ಚಿದರು. ಅವರ ಯಜಮಾನರು ಯುದ್ಧದಿಂದ ತಂದಿದ್ದ ರೈಫಲ್. ವರ್ಷಗಟ್ಟಲೆ ಯಾರೂ ಮುಟ್ಟದೆ ಬೋಲ್ಟ್ ಎಲ್ಲ ತುಕ್ಕು.

ನಿಮ್ಮ ತಾತನನ್ನು ನೋಡಿ, ಇಂಥದರ ಕೆಲಸ ನಿನಗೆ ಚೆನ್ನಾಗಿ ಬರುತ್ತದಂತೆ, ಪೊಲೀಸಿನವರು ಹೇಳಿದರು, ಇದನ್ನು ಸರಿ ಮಾಡಿಕೊಡುತ್ತೀಯಾ ಎಂದು ಕೇಳಿದರು. ಆಮೇಲೆ ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು:

"ನಿನ್ನೆ ಇದನ್ನ ನಿನ್ನ ಕಡೆ ಹಿಡಿದು ಕಿಟಕಿ ಹತ್ತಿರ ನಿಂತಿದ್ದೆ, ಎಷ್ಟು ಎಳೆದರೂ ಬೋಲ್ಟ್ ತೆರೀಲಿಲ್ಲ. ಆಮೇಲೆ ಪೊಲೀಸಿಗೆ ಫೋನ್ ಮಾಡಿದೆ." (ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನ ಹಳ್ಳಿ ಶಾಲೆಯ ಇಂಗ್ಲಿಷಿಗೂ ಪೂರ್ತಿ ಅರ್ಥವಾಯಿತು.)

ನಾನು ಮೇಜಿನ ಅಂಚು ಹಿಡಿದುಕೊಂಡೆ. ನಿಮ್ಮ ತಾತ ಬೋಲ್ಟನ್ನು ಹಿಡಿದು ಅಲ್ಲಾಡಿಸಿ ನೋಡಿದರು. ಅವರ ಬೆರಳು ನನಗೆ ಗೊತ್ತು. ಕೆಟ್ಟ ಯಂತ್ರ ಕೈಗೆ ಬಂದರೆ ಆ ಬೆರಳುಗಳು ಸುಮ್ಮನಿರುವುದಿಲ್ಲ. ಒಂದು ಸಂಜೆಯ ಕೆಲಸ ಅದು. ಎಣ್ಣೆ, ಬಿಸಿನೀರು, ನನ್ನ ಸೀರೆಯ ಚೂರು, ಅಷ್ಟೇ. ಅವರು ಮಗುವನ್ನು ನೋಡಿದರು. ನನ್ನನ್ನು ನೋಡಿದರು.

"ಇದು ಮುಗಿದುಹೋಗಿದೆ ಆಂಟಿ, ಯಾರ ಕೈಲೂ ರಿಪೇರಿ ಆಗಲ್ಲ," ಅಂದರು.

ಯಂತ್ರದ ವಿಷಯದಲ್ಲಿ ಅವರು ಆಡಿದ ಸುಳ್ಳು ನನಗೆ ಗೊತ್ತಿರುವಂತೆ ಅದೊಂದೇ. ಡೋರಥಿ ಅದನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು, ಕಾಫಿ ಕುಡಿದು, ಒಬ್ಬಟ್ಟು ಕಟ್ಟಿಸಿಕೊಂಡು ಹೋದರು. ಆ ಶನಿವಾರವೇ ನಮ್ಮ ರೈಫಲ್, ತಂದ ಅಂಗಡಿಗೇ ವಾಪಸು ಹೋಯಿತು. ಡೋರಥಿ ಸಾಯುವವರೆಗೂ ನಮಗೆ ಬೇಕಾದವರಾಗಿಯೇ ಇದ್ದರು. ಆದರೂ ಆ ಕಿಟಕಿಯ ಪರದೆ ಅಲ್ಲಾಡಿದಾಗಲೆಲ್ಲ ನಾನು ನಮ್ಮ ಕಿಟಕಿಯಿಂದ ಪಕ್ಕಕ್ಕೆ ಸರಿಯುತ್ತಿದ್ದೆ.

ಪ್ರತಿ ಆಯುಧಪೂಜೆಗೂ ಎಲ್ಲರೂ ಚಾಕು, ಕತ್ತರಿ, ಕಾರಿಗೆ ಕುಂಕುಮ ಹಚ್ಚುತ್ತಾರೆ. ನಾನು ಮಾತ್ರ ಮನಸ್ಸಿನಲ್ಲೇ ಎದುರುಮನೆಯ ತುಕ್ಕಿಗೆ ಒಂದು ಬೊಟ್ಟು ಇಡುತ್ತೇನೆ.