ಯಾವ ಎಣ್ಣೆ ಎಂದು ಕೇಳಿದಾಗ

ಪುಟ್ಟಿ, ಗುಂಡ, ನಿಮ್ಮಜ್ಜಿ ನಾನು, ಇಟ್ಟ ಹೆಸರು ಬಿಟ್ಟು ಮನೆಯಲ್ಲಿ ಕರೆಯುವ ಹಾಗೆಯೇ ಕರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಬೇಕಾಗಿದ್ದರೆ ಈ ಮಾತನ್ನು ನಾನು ಹೇಳುತ್ತಲೇ ಇರಲಿಲ್ಲ. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಕಲಿತ ಅಕ್ಷರ ಕೈಯಲ್ಲಿದೆ, ಪುಟ್ಟಿಯ ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳು ಉಳಿದಿವೆ. ಅದರಲ್ಲೇ ಬರೆಯುತ್ತಿದ್ದೇನೆ.

ಪುಟ್ಟಿ, ನಿನಗೆ ಶೇಂಗಾ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂದು ನೀನು ಕೇಳಿದಾಗಲೆಲ್ಲ ನಿಮ್ಮಮ್ಮ "ಕೆಲವರಿಗೆ ಹಂಗೇ ಕಣೆ" ಅನ್ನುತ್ತಾಳೆ. ನಾನು ಎದ್ದು ಅಡಿಗೆಮನೆಗೆ ಹೋಗುತ್ತೇನೆ. ಅಲ್ಲಿ ನನಗೆ ಏನೂ ಕೆಲಸ ಇರುವುದಿಲ್ಲ. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತೇನೆ.

ನಾನು ಹುಟ್ಟಿದ್ದು ಹರಿಯಬ್ಬೆ ಕಡೆ, ಕುರಿ ಸಾಕುವ ಮನೆಯಲ್ಲಿ. ಮದುವೆಯಾಗಿ ಬಂದದ್ದು ಧರ್ಮಪುರದ ಹತ್ತಿರ, ಶೇಂಗಾ ಬೆಳೆಯುವ ಮನೆಗೆ. ಆ ಕಡೆಯ ಕೂಸುಗಳು ಅಂಬೆಗಾಲಿಟ್ಟದ್ದೇ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ, ಶೇಂಗಾ ಹೊಟ್ಟಿನ ರಾಶಿಯ ಮೇಲೆ. ಬಿತ್ತನೆಗೆ ಮೊದಲು ಬೀಜ ಬಿಡಿಸುವ ದಿನಗಳಲ್ಲಿ ಹೆಂಗಸರೆಲ್ಲ ಜಗಲಿಯ ಮೇಲೆ ಸುತ್ತ ಕೂರುತ್ತಿದ್ದೆವು. ಕೂಸುಗಳು ಗೋಣಿಚೀಲದ ಮೇಲೆ ಮಲಗಿರುತ್ತಿದ್ದವು. ಅತ್ತರೆ, ತಾಯಿ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಹಾಲಾಗುವ ತನಕ ಅಗಿದು, ಬೆರಳ ತುದಿಯಿಂದ ಅದನ್ನು ಕೂಸಿನ ನಾಲಿಗೆಗೆ ಸವರುತ್ತಿದ್ದಳು. ನಮ್ಮವ್ವ ನನಗೆ ಸವರಿದಳು, ನಾನು ನಿಮ್ಮಪ್ಪನಿಗೆ ಸವರಿದೆ. ಹಲ್ಲು ಬರುವ ಮೊದಲೇ ನಮಗೆಲ್ಲ ಶೇಂಗಾ ರುಚಿ ಗೊತ್ತಿತ್ತು. ಶೇಂಗಾ ತಿಂದು ಪ್ರಾಣ ಹೋದದ್ದನ್ನು ನಾನು ಕೇಳಿರಲಿಲ್ಲ.

ಕೇಳಿರಲಿಲ್ಲ ಎಂದು ಬರೆದೆ. ಬರೆದ ಮೇಲೆ ಒಂದು ನೆನಪು ಬರುತ್ತಿದೆ. ನಾನು ಚಿಕ್ಕವಳಿದ್ದಾಗ ಪಕ್ಕದ ಮನೆಯ ಒಂದು ಮಗು ಆಡುತ್ತ ಆಡುತ್ತಲೇ ಮೈಯೆಲ್ಲ ಊದಿಕೊಂಡು, ಉಸಿರು ಕಟ್ಟಿ, ಹೊತ್ತು ಮುಳುಗುವುದರೊಳಗೆ ಹೋಗಿಬಿಟ್ಟಿತು. ಯಾವುದೋ ಹುಳ ಮುಟ್ಟಿತು ಅಂದರು. ಅದು ಏನು ತಿಂದಿತ್ತು ಎಂದು ಯಾರೂ ಕೇಳಲಿಲ್ಲ.

ಪುಟ್ಟಿ, ನೀನು ಹುಟ್ಟಿದ್ದು ನಿಮ್ಮಮ್ಮನ ತವರು ಶ್ರೀರಾಂಪುರದಲ್ಲಿ. ಅಲ್ಲಿ ತೆಂಗು. ತೊಟ್ಟಿಲು ಹಾಕುವ ದಿನಕ್ಕೆ ನಾನು ನಮ್ಮ ಹೊಲದ ಶೇಂಗಾವನ್ನು ಗಾಣಕ್ಕೆ ಕೊಟ್ಟು, ಎಣ್ಣೆ ಹಿಂಡಿಸಿ, ಕ್ಯಾನಿಗೆ ತುಂಬಿಸಿಕೊಂಡು ಹೊರಟೆ. ಹಿರಿಯೂರಿನಲ್ಲೊಂದು ಬಸ್ಸು, ಹೊಸದುರ್ಗದಲ್ಲೊಂದು ಬಸ್ಸು. ಕ್ಯಾನನ್ನು ತೊಡೆಯ ಮೇಲಿನಿಂದ ಇಳಿಸಲಿಲ್ಲ. ನಿಮ್ಮ ತಾತ ಹೋದ ಮೇಲೆ ಹೊಲವನ್ನು ಪಾಲಿಗೆ ಕೊಟ್ಟು, ನಿಮ್ಮಪ್ಪನ ಅಂಗಡಿಯಿರುವ ಹಿರಿಯೂರಿಗೆ ಬಂದಿದ್ದೆವು, ಆದರೂ ಅದು ಅವರು ಉತ್ತ ಹೊಲ. ಅದರ ಎಣ್ಣೆ ಮೊಮ್ಮಗಳ ಮೈಗೆ ಬೀಳಲಿ ಎಂಬ ಆಸೆ. ಅಲ್ಲಿ ನಿಮ್ಮಮ್ಮನ ತಾಯಿ ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿದರು.

"ಅಲ್ರೀ ಬೀಗ್ತಿ, ಇದು ಮಗಿನ ಮೈಗೆ ಹಚ್ಚಾಕೋ, ಒಗ್ಗರಣೆ ಹಾಕಾಕೋ?"

ಬಂದ ನೆಂಟರೆಲ್ಲ ನಕ್ಕರು. ಅವರು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಾನೂ ನಕ್ಕೆ. ಕ್ಯಾನನ್ನು ಚೀಲದೊಳಗೆ ಇಟ್ಟುಕೊಂಡು ಹಾಗೆಯೇ ವಾಪಸ್ಸು ತಂದೆ.

ಐದು ತಿಂಗಳಿಗೆ ನಿಮ್ಮಮ್ಮ ನಿನ್ನನ್ನು ಎತ್ತಿಕೊಂಡು ಹಿರಿಯೂರಿಗೆ, ಈ ಮನೆಗೆ ಬಂದಳು. ಎರೆಯುವ ಕೆಲಸ ನನ್ನ ಪಾಲಿಗೆ ಬಂತು. ನಿನ್ನ ಕೆನ್ನೆ, ಮೊಣಕೈ ಸಂದು, ಮಂಡಿಯ ಹಿಂದೆ ಎಲ್ಲ ಚರ್ಮ ಒಡೆದು ಕೆಂಪಗಾಗಿತ್ತು. ನೀನು ಕೆರೆದು ಕೆರೆದು ಅಳುತ್ತಿದ್ದೆ. ಇಸುಬು ಅಂದರು. ನಿಮ್ಮಮ್ಮ ತವರಿನಿಂದ ತಂದ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಚ್ಚಲ ಗೂಡಿನಲ್ಲಿಟ್ಟು, "ಇದನ್ನೇ ಹಚ್ರಿ ಅತ್ತೆ" ಅಂದಳು. ಒಂದು ವಾರ ಅದನ್ನೇ ಹಚ್ಚಿದೆ. ಒಣಗಿದ ಚರ್ಮ ಒಣಗಿಯೇ ಇತ್ತು. ಎಂಟನೇ ದಿನ ಬಚ್ಚಲ ಬಾಗಿಲು ಮುಂದೆ ಮಾಡಿ ನನ್ನ ಕ್ಯಾನು ತೆಗೆದೆ.

ಆಮೇಲೆ ದಿನವೂ ಅದೇ. ಚರ್ಮ ಒಡೆದ ಕಡೆ ಇನ್ನೂ ಸ್ವಲ್ಪ ಹೆಚ್ಚು ಹಾಕಿ ತಿಕ್ಕುತ್ತಿದ್ದೆ. ಗೂಡಿನ ಬಾಟಲಿಯ ಎಣ್ಣೆ ಇಳಿಯದಿದ್ದರೆ ಗೊತ್ತಾಗುತ್ತದಲ್ಲ, ಅದಕ್ಕೆ ಆ ಕೊಬ್ಬರಿ ಎಣ್ಣೆಯನ್ನು ನನ್ನ ತಲೆಗೆ ಹಚ್ಚಿಕೊಳ್ಳುತ್ತಿದ್ದೆ. ಆ ವರ್ಷ ನನ್ನ ಕೂದಲು ಎಂದೂ ಮಿಂಚದ ಹಾಗೆ ಮಿಂಚುತ್ತಿತ್ತು.

ಬಾಯಿಗೆ ಮಾತ್ರ ಶೇಂಗಾ ಬೀಳುತ್ತಿರಲಿಲ್ಲ. ಮೂರು ವರ್ಷ ತುಂಬುವ ತನಕ ಕೂಸಿಗೆ ಶೇಂಗಾ ಕೊಡಬಾರದು ಎಂದು ನಿಮ್ಮಮ್ಮ ಫೋನಿನಲ್ಲಿ ನೋಡಿದ್ದಳು, ಅಕ್ಕಪಕ್ಕದವರೂ ಹಾಗೇ ಹೇಳಿದ್ದರು. ಅದನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಒಂದು ಮಾತು ಮೀರಿದ್ದಕ್ಕೆ ಇನ್ನೊಂದನ್ನಾದರೂ ಕೇಳಬೇಕು ಅನ್ನಿಸುತ್ತಿತ್ತು.

ನಿನಗೆ ಎರಡು ವರ್ಷವಾದಾಗ ಹೊಲದ ಪಾಲಿನವರು ಒಂದು ಚೀಲ ಶೇಂಗಾ ಕಾಯಿ ತಂದು ಹಾಕಿದರು. ಬೆಳಿಗ್ಗೆ ನಾನು ಬಾಗಿಲಲ್ಲಿ ಕೂತು ಬಿಡಿಸುತ್ತಿದ್ದೆ. ನಿಮ್ಮಮ್ಮ ರೇಷನ್ ತರಲು ಹೋಗಿದ್ದಳು. ನೀನು ಬಂದು ನನ್ನ ಗಲ್ಲ ಹಿಡಿದು, "ನಂಗೂ, ನಂಗೂ" ಅಂದೆ. ನನ್ನ ಬಾಯಲ್ಲಿ ಅಗಿದ ಕಾಳಿತ್ತು. ಕೈ ತಾನಾಗಿಯೇ ಹೋಯಿತು ಪುಟ್ಟಿ. ಯೋಚಿಸಿ ಮಾಡಿದ್ದಲ್ಲ. ನಮ್ಮವ್ವ ಮಾಡಿದ ಹಾಗೇ ಬೆರಳ ತುದಿಯಿಂದ ನಿನ್ನ ನಾಲಿಗೆಗೆ ಸವರಿದೆ.

ಮೂರು ಕಾಯಿ ಬಿಡಿಸುವಷ್ಟರಲ್ಲಿ ನಿನ್ನ ತುಟಿ ದಪ್ಪಗಾಯಿತು. ಕಣ್ಣು ಮುಚ್ಚಿಹೋದವು. ಹೊಟ್ಟೆಯ ಮೇಲೆಲ್ಲ ದದ್ದು ಎದ್ದಿತು. ಕೆಮ್ಮಿದೆ, ವಾಂತಿ ಮಾಡಿದೆ, ಆಮೇಲೆ ಕೆಮ್ಮಲೂ ಆಗದೆ ನನ್ನ ಮುಖವನ್ನೇ ನೋಡಿದೆ. ನಿನ್ನನ್ನೆತ್ತಿಕೊಂಡು, ತಲೆಯ ಮೇಲೆ ಸೆರಗಿಲ್ಲದೆ, ಕಾಲಲ್ಲಿ ಚಪ್ಪಲಿಯಿಲ್ಲದೆ, ನಿಮ್ಮಪ್ಪನ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಓಡಿದೆ. ನಿಮ್ಮಪ್ಪ ಕೈಯಲ್ಲಿದ್ದ ತಂತಿ ಬಿಸಾಕಿ ಆಟೋ ನಿಲ್ಲಿಸಿದ. ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಕೊಟ್ಟರು. ನೀನು ಜೋರಾಗಿ ಅತ್ತೆ. ಅಳು ಬಂದ ಮೇಲೆ ಉಸಿರೂ ಬಂತು.

ಕಾಳು ಕೊಟ್ಟದ್ದನ್ನು ನಾನು ಮುಚ್ಚಿಡಲಿಲ್ಲ, ಅಲ್ಲೇ ಹೇಳಿದೆ. ನಿಮ್ಮಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೇರೆಯವರು ಅಂದರು. ನೋಡಲು ಬಂದ ನಮ್ಮೂರ ಹೆಂಗಸರಿಗೆ ನಂಬಿಕೆಯೇ ಬರಲಿಲ್ಲ.

"ಶೇಂಗಾ ಸೀಮ್ಯಾಗೆ ಹುಟ್ಟಿ ಶೇಂಗಾ ಆಗಲ್ವಂತೆ! ಮೀನಿಗೆ ನೀರಾಗಲ್ಲ ಅಂದಂಗಾತು ಕಣಕ್ಕ."

"ಈಗಿನ ಬೆಳೆಗೆ ಎಷ್ಟ್ ಔಸ್ದಿ ಹೊಡೀತಾರೆ, ಅದೇ ಇರಬೇಕು."

"ಔಸ್ದಿನೂ ಅಲ್ಲ ಏನೂ ಅಲ್ಲ. ಮಗ ಮಣ್ಣು ಮುಟ್ಟಂಗಿಲ್ಲ, ಕುಡಿಯಾಕೆ ಫಿಲ್ಟರ್ ನೀರು. ನಮ್ಮವು ಕುರಿ ಹಿಕ್ಕೆ ಬಾಯಿಗಾಕ್ಕಂಡು ಬೆಳದ್ವು. ಏನಾತು?"

"ಸುಮ್ನಿರ್ರೇ, ದೃಷ್ಟಿ ಆಗೈತೆ. ಮೊದ್ಲು ನೀವಾಳಿಸಿ ಹಾಕ್ರಿ."

ನೀವಾಳಿಸಿ ಹಾಕಿದೆವು. ಆಮೇಲೆ ಚಿತ್ರದುರ್ಗಕ್ಕೂ ಹೋದೆವು.

ಅಲ್ಲಿನ ಮಕ್ಕಳ ಡಾಕ್ಟರು ಹೆಂಗಸು, ಮಾತು ಚುರುಕು. ಹೊರಗೆ ಕಾಯುತ್ತ ಕೂತಿದ್ದಾಗ ಹೊಳಲ್ಕೆರೆಯಿಂದ ಬಂದ ತಾಯಿಯೊಬ್ಬಳು ತನ್ನ ಮಗುವಿಗೆ ಹಸುವಿನ ಹಾಲು ಆಗುವುದಿಲ್ಲ ಅಂದಳು. ಇನ್ನೊಬ್ಬಳ ಮಗುವಿಗೆ ಮೊಟ್ಟೆ ಆಗುವುದಿಲ್ಲ. ನಾವೊಬ್ಬರೇ ಅಂದುಕೊಂಡು ಹೋಗಿದ್ದೆವು. ಡಾಕ್ಟರು ಒಳಗೆ ಕರೆದು ಒಂದರ ಹಿಂದೆ ಒಂದು ಕೇಳಿದರು. ಸಾಮಾನ್ಯ ಹೆರಿಗೆಯೋ ಆಪರೇಷನ್ನೋ? ಕೂಸಾಗಿದ್ದಾಗ ಎಷ್ಟು ಸಲ ಆಂಟಿಬಯೋಟಿಕ್ ಕೊಟ್ಟಿದ್ದೀರಿ? ಮನೆಯಲ್ಲಿ ದನ ಕುರಿ ಇವೆಯೇ? ಶೇಂಗಾ ಯಾವಾಗ ಬಾಯಿಗೆ ಕೊಟ್ಟಿರಿ? ಇಸುಬು ಇತ್ತೇ? ಕೊನೆಗೆ, ಮೈಗೆ ಯಾವ ಎಣ್ಣೆ ಹಚ್ಚಿದಿರಿ?

"ಕೊಬ್ರಿ ಎಣ್ಣೆ ಮೇಡಂ," ಅಂದಳು ನಿಮ್ಮಮ್ಮ.

ಡಾಕ್ಟರು ಬರೆದುಕೊಂಡರು. ಬರೆಯುತ್ತಲೇ ಹೇಳಿದರು, "ಯಾಕೆ ಕೇಳಿದೆ ಅಂದ್ರೆ, ಬಾಗಿಲಿಂದ ಬಂದೋರನ್ನ ಮನೆಯೋರು ನೆಂಟ್ರು ಅಂತಾರೆ. ಹಿತ್ತಲ ಗೋಡೆ ಹಾರಿ ಬಂದ್ರೆ ಕಳ್ಳ ಅಂತ ಬಡೀತಾರೆ. ಮೈಯೂ ಹಂಗೇ. ಬಾಯಿಂದ ಮೊದ್ಲೇ ಪರಿಚಯ ಆಗಿದ್ರೆ ಒಪ್ಕಳುತ್ತೆ. ಬಾಯಿಗೆ ಕೊಡದೆ, ಒಡೆದ ಚರ್ಮದ ಮೂಲಕ ಒಳಗೆ ಹೋದ್ರೆ ಶತ್ರು ಅಂದ್ಕಂಬಿಡಬಹುದು. ಈಗ ಮಕ್ಕಳಿಗೆ ಹಿಂಗೆಲ್ಲ ಜಾಸ್ತಿ ಆಗ್ತಿರೋದಕ್ಕೆ ಹೇಳೋ ಕಾರಣದಲ್ಲಿ ಇದೂ ಒಂದು. ಇದೇ ಅಂತ ಯಾರೂ ಆಣೆ ಮಾಡಿ ಹೇಳಕ್ಕಾಗಲ್ಲ."

ಎಣ್ಣೆ ತಿಕ್ಕಿದ ನನ್ನ ಅಂಗೈಯನ್ನು ನೋಡಿಕೊಂಡೆ. ಸೆರಗಿಗೆ ಒರೆಸಿಕೊಂಡೆ.

ಆ ಅಂಗೈಯನ್ನು ಐದು ವರ್ಷ ಹೊತ್ತುಕೊಂಡು ತಿರುಗಿದೆ. ಒಂದು ಹೊತ್ತಿನಲ್ಲಿ, ಊರಲ್ಲಿ ಎಷ್ಟೋ ಜನ ಅದೇ ಎಣ್ಣೆ ಹಚ್ಚಿಲ್ಲವೇ, ಅವರ ಮಕ್ಕಳಿಗೇನಾಯಿತು ಎಂದು ಸಮಾಧಾನ. ಮತ್ತೊಂದು ಹೊತ್ತಿನಲ್ಲಿ, ಅವರ ಮಕ್ಕಳ ಬಾಯಿಗೂ ಬಿದ್ದಿತ್ತು, ಪುಟ್ಟಿಯ ಬಾಯಿಗೆ ಬಿದ್ದಿರಲಿಲ್ಲ ಎಂಬ ಉತ್ತರ. ರೊಟ್ಟಿ ತಟ್ಟುವಾಗ, ಜಡೆ ಹಾಕುವಾಗ, ಅದೇ ಲೆಕ್ಕ ಒಳಗೆ ತಿರುಗುತ್ತಿತ್ತು. ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಚಿಕ್ಕಿ ಹಂಚಿದಾಗ ನೀನು ದೂರದ ಬೆಂಚಿಗೆ ಹೋಗಿ ಕೂತೆ ಎಂದು ಹೇಳಿದ ದಿನ ಎಲ್ಲ ಲೋಟಗಳನ್ನೂ ಮತ್ತೆ ತೊಳೆದೆ.

ಆಮೇಲೆ ಗುಂಡ ಹುಟ್ಟಿದ. ಐದನೇ ತಿಂಗಳಿಗೆ ಅವನ ಕೆನ್ನೆಯೂ ಒಡೆಯಿತು. ಅದೇ ಕೆಂಪು, ಅದೇ ಮೊಣಕೈ ಸಂದು. ಮತ್ತೆ ಚಿತ್ರದುರ್ಗ, ಅದೇ ಡಾಕ್ಟರು. ಅಕ್ಕನ ಹಳೆಯ ಕಾಗದ ತೆರೆದು ನೋಡಿದರು.

"ಇವನಿಗೂ ಅದೇ ಕೊಬ್ರಿ ಎಣ್ಣೆ ತಾನೆ? ಅಕ್ಕನ ಮೈಗೆ ಶೇಂಗಾದ್ದು ಏನೂ ಸೋಕಿರ್ಲಿಲ್ಲ, ಅಲ್ವಾ?"

"ಇಲ್ಲ ಮೇಡಂ," ಅಂದಳು ನಿಮ್ಮಮ್ಮ.

ಗುಂಡ ನನ್ನ ತೊಡೆಯ ಮೇಲಿದ್ದ. ಕೆನ್ನೆಯನ್ನು ನನ್ನ ಸೀರೆಗೆ ಉಜ್ಜಿಕೊಳ್ಳುತ್ತಿದ್ದ. ಈ ಸುಳ್ಳಿನ ಮೇಲೆ ಇವನ ಔಷಧಿ ಬರೆಯುತ್ತಾರಲ್ಲ ಅನ್ನಿಸಿತು.

"ಸೋಕಿತ್ತು," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. "ಸೋಕಿತ್ತು ತಾಯಿ. ನಾನೇ ಹಚ್ಚಿದ್ದು. ಗಾಣದ ಶೇಂಗಾ ಎಣ್ಣೆ. ವರ್ಷಗಟ್ಲೆ. ಇವಳಿಗೆ ಗೊತ್ತಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಿಮ್ಮಮ್ಮ ನನ್ನ ಕಡೆ ನೋಡದೆ ಗುಂಡನ ಟೋಪಿ ಸರಿಮಾಡಿದಳು.

"ಗೊತ್ತಿತ್ತು ಅತ್ತೆ. ನಿಮ್ ತಲೆ ಕೊಬ್ರಿ ವಾಸ್ನೆ, ಮಗಿನ ಬಟ್ಟೆ ಶೇಂಗಾ ವಾಸ್ನೆ. ಆ ಬಟ್ಟೆ ಒಗೀತಿದ್ದೋಳು ನಾನೇ ಅಲ್ವಾ?"

"ಮತ್ತೆ ಯಾಕವ್ವ ಸುಮ್ನಿದ್ದೆ?"

"ಅವತ್ತು ನಮ್ಮವ್ವ ಎಲ್ಲರ ಮುಂದೆ ನಿಮ್ಮನ್ನ ನಗಸ್ಯಾಡಿದ್ಲು. ಹಚ್ಕಳ್ಳಿ ಬಿಡು, ಎಣ್ಣೆ ತಾನೆ ಅಂದ್ಕಂಡೆ. ಆಮೇಲೆ ಇಲ್ಲಿ ಇವ್ರು ಕೇಳ್ದಾಗ ನಿಮ್ಮನ್ನ ಹೆಂಗೆ ಹಿಡ್ಕೊಡ್ಲಿ?"

"ಚೆನ್ನಾಗೈತೆ," ಅಂದರು ಡಾಕ್ಟರು, ಕೋಪದಲ್ಲಿ ಅವರಿಗೂ ನಮ್ಮ ಮಾತೇ ಬಂದಿತ್ತು. "ಅತ್ತೆ ಮರ್ಯಾದೆ ಸೊಸೆ ಉಳಿಸಿದ್ಲು. ನನ್ನ ಕಾಗದದಾಗೆ ಮಾತ್ರ ಸುಳ್ಳು." ಕೊಬ್ಬರಿ ಎಂದಿದ್ದ ಕಡೆ ಗೀಟು ಹೊಡೆದು ಮೇಲೆ ಬರೆದರು. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದರು. "ಅಜ್ಜಿ, ನಿಮ್ ಎಣ್ಣೆಯಿಂದ್ಲೇ ಆತು ಅಂತ ನಾನು ಹೇಳಲ್ಲ. ಹುಟ್ಟಿಂದ ಬಂದಿದ್ದಿರಬಹುದು. ಬಾಯಿಗೆ ತಡ ಮಾಡಿದ್ದಿರಬಹುದು. ಎಲ್ಲಾ ಸೇರಿರಬಹುದು. ಎಣ್ಣೆಯಿಂದ ಆಗ್ಲಿಲ್ಲ ಅಂತಾನೂ ಹೇಳಲ್ಲ."

ಎರಡರಲ್ಲಿ ಒಂದನ್ನು ಹೇಳಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು. ಅವರು ಹೇಳಲಿಲ್ಲ.

ಗುಂಡನಿಗೆ ಪರೀಕ್ಷೆ ಮಾಡಿದರು. ಇಸುಬಿಗೆ ಮುಲಾಮು ಬರೆದರು. ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲವೆಂದು, ಶೇಂಗಾವನ್ನು ನುಣ್ಣಗೆ ಅರೆದು ನೀರಾಗಿ ಮಾಡಿ, ತಮ್ಮ ಎದುರಿಗೇ ಚಮಚದ ತುದಿಯಲ್ಲಿ ಅವನಿಗೆ ನೆಕ್ಕಿಸಿದರು. ಬಹಳ ಹೊತ್ತು ಅಲ್ಲೇ ಕೂರಿಸಿದರು. ನಾನು ಅವನ ತುಟಿಯನ್ನು ನೋಡುತ್ತಲೇ ಇದ್ದೆ. ಅವನು ಗೋಡೆಯ ಮೇಲಿನ ಗಿಳಿಯ ಚಿತ್ರ ನೋಡಿ ನಗುತ್ತಿದ್ದ. ಏನೂ ಆಗಲಿಲ್ಲ. ಇನ್ನು ಮನೆಯಲ್ಲಿ ವಾರಕ್ಕೆ ಮೂರು ಸಲ ಕೊಡಿ, ಬಿಡಬೇಡಿ ಅಂದರು.

ನಿಮ್ಮಮ್ಮ ಬಸ್ಸಿನಲ್ಲಿ ಅಂದಳು, "ನೀವೇ ತಿನ್ನಿಸ್ರಿ ಅತ್ತೆ."

"ನನ್ ಕೈಯಾಗೆ ಬ್ಯಾಡ ಕಣವ್ವ."

"ನಿಮ್ ಕೈಯಾಗೇ ಆಗಬೇಕು. ಇಲ್ದಿದ್ರೆ ಇನ್ನು ಎಷ್ಟು ಲೋಟ ತೊಳೀತೀರ?"

ಅವಳಿಗೆ ಅದೂ ಗೊತ್ತಿತ್ತು.

ಮನೆಯೊಳಗೆ ಶೇಂಗಾ ತರುವ ಹಾಗಿಲ್ಲ. ಪುಟ್ಟಿ, ಅದು ನಿನ್ನ ಮನೆ. ಅದಕ್ಕೇ ಗುಂಡನನ್ನು ಎತ್ತಿಕೊಂಡು ಅಂಗಡಿಗೆ ಹೋಗುತ್ತೇನೆ. ಸುಟ್ಟ ಮೋಟಾರುಗಳ ಮಧ್ಯೆ ಒಂದು ಸ್ಟೂಲು, ಒಂದು ಬಟ್ಟಲು, ಒಂದು ಚಮಚ. ಅವು ಅಂಗಡಿ ಬಿಟ್ಟು ಮನೆಗೆ ಬರುವುದಿಲ್ಲ. ತಿನ್ನಿಸಿದ ಮೇಲೆ ಅವನ ಬಾಯಿ, ನನ್ನ ಕೈ ಸೋಪು ಹಾಕಿ ತೊಳೆದು, ಅವನ ಅಂಗಿ ಬದಲಾಯಿಸಿ ಕರೆತರುತ್ತೇನೆ. ಒಂದು ವರ್ಷ ದಾಟಿತು. ಈಗಲೂ ಒಂದೊಂದು ಸಲವೂ ಅವನ ತುಟಿಯನ್ನೇ ನೋಡುತ್ತ ಕೂರುತ್ತೇನೆ. ಅವನು ಚಪ್ಪರಿಸಿ ಇನ್ನೂ ಬೇಕೆಂದು ಬಾಯಿ ತೆರೆಯುತ್ತಾನೆ. ನನಗೆ ಆ ಬಾಯಲ್ಲಿ ನಿನ್ನ ಬಾಯೇ ಕಾಣುತ್ತದೆ.

ಮೊನ್ನೆ ನೀನು ಬಾಗಿಲಿಗೆ ಅಡ್ಡ ನಿಂತು ಕೇಳಿದೆ. "ಅಜ್ಜಿ, ಅವನೊಬ್ಬನಿಗೇ ಅಂಗಡಿಯಾಗೆ ಏನ್ ತಿನ್ನಿಸ್ತೀಯ? ನಂಗ್ಯಾಕಿಲ್ಲ?"

ನಾನು ಮತ್ತೆ ಎದ್ದು ಒಳಗೆ ಹೋದೆ. ಹೋಗಿ ಲೋಟ ತೊಳೆಯದೆ ನೋಟ್‌ಬುಕ್ಕು ತೆಗೆದೆ. ಉತ್ತರ ಇದು. ಅವನಿಗೆ ತಿನ್ನಿಸುತ್ತಿರುವುದನ್ನು ನಿನಗೂ ಆಗಲೇ ತಿನ್ನಿಸಬೇಕಿತ್ತೋ ಏನೋ. ಬಾಯಿಗೆ ಕೊಡದೆ ಮೈಗೆ ತಿಕ್ಕಿದೆ. ಅದರಿಂದಲೇ ಹೀಗಾಯಿತೋ ಇಲ್ಲವೋ ನನಗೆ ತಿಳಿಯದು, ಯಾರಿಗೂ ತಿಳಿಯದು. ನಿನಗೆ ಸಿಟ್ಟು ಬಂದರೆ ಮಾಡಿಕೋ. ಎದ್ದು ಹೋಗುವುದಿಲ್ಲ, ಕೂತು ಕೇಳುತ್ತೇನೆ.

ನಿಮ್ಮಮ್ಮ ಇದನ್ನು ಓದಿದ್ದಾಳೆ. ತನ್ನ ತಾಯಿಯ ಮಾತಿನ ಕಡೆ ನಕ್ಕಳು, ಎರಡು ಕಡೆ ಒತ್ತಕ್ಷರ ತಿದ್ದಿದಳು. ಫ್ರಿಡ್ಜಿನ ಮೇಲೆ, ಅಪ್ಪಿತಪ್ಪಿ ಶೇಂಗಾ ಬಾಯಿಗೆ ಬಿದ್ದರೆ ಚುಚ್ಚಲೆಂದು ಡಾಕ್ಟರು ಬರೆದುಕೊಟ್ಟ ನಿನ್ನ ಇಂಜೆಕ್ಷನ್ನಿನ ಕೆಂಪು ಡಬ್ಬಿ ಇದೆಯಲ್ಲ, ಈ ಹಾಳೆಗಳನ್ನು ಮಡಿಸಿ ಅದರ ತಳದಲ್ಲಿ ಇಡುತ್ತೇನೆ. ಔಷಧಿ ಹಳೆಯದಾದರೆ ಬದಲಾಯಿಸಿ, ಇವನ್ನು ಬಿಸಾಡಬೇಡಿ. ಎಣ್ಣೆ ಕೈ ತಾಗಿಸದೆ ಜೋಪಾನವಾಗಿಡಿ. ನಿಮಗೂ ಮಕ್ಕಳಾದಾಗ ಯಾರೋ ಒಬ್ಬ ಡಾಕ್ಟರು ಪೆನ್ನು ಹಿಡಿದು, ನಿಮ್ಮನೆಯಲ್ಲಿ ಯಾರಿಗೆ ಏನಾಗಿತ್ತು, ಯಾವ ಎಣ್ಣೆ ಹಚ್ಚಿದ್ದರು ಎಂದು ಕೇಳಬಹುದು. ಆಗ ನನ್ನ ಮರ್ಯಾದೆ ನೋಡಬೇಡಿ. ಈ ಹಾಳೆಗಳನ್ನೇ ಅವರ ಮೇಜಿನ ಮೇಲಿಡಿ.