ಅಮ್ಮ ಸೂಜಿ ಕೆಳಗಿಟ್ಟ ಸಾಲು

ಬೇರೆಯವರು ಚಾಪೆಯ ಕೆಳಗೆ ನುಸುಳಿದರೆ ನಮ್ಮಕ್ಕ ರಂಗೋಲಿಯ ಕೆಳಗೆ ನುಸುಳುತ್ತಾಳೆ. ಅದಕ್ಕೇ ದೇಶವಿದೇಶಗಳಲ್ಲಿ ಫೋನು ಮಾರುವ ದೊಡ್ಡ ಕಂಪನಿಯೊಂದು ಅವಳನ್ನು ವಕೀಲೆಯಾಗಿ ಇಟ್ಟುಕೊಂಡಿದೆ. ಅವರ ಕರಾರುಪತ್ರಗಳನ್ನು ಬರೆಯುವುದು ಅವಳ ಕೆಲಸ. ಮನೆಯಲ್ಲಿ ತಮ್ಮನಾದ ನಾನು ಛತ್ರಿ ಕೇಳಿದರೂ, "ಯಾವಾಗ ವಾಪಸ್ ಕೊಡ್ತೀಯ? ಮುರಿದ್ರೆ ಯಾರ ಜವಾಬ್ದಾರಿ? ಬರ್ದು ಸಹಿ ಹಾಕು" ಅನ್ನುತ್ತಾಳೆ.

ಅವಳದೊಂದು ಪದ್ಧತಿಯಿದೆ. ಬರೆದ ಕರಾರನ್ನು, ಹೆಸರುಗಳನ್ನು ಬಿಟ್ಟು, ಅಮ್ಮನಿಗೆ ಓದಿ ಹೇಳುತ್ತಾಳೆ. ಅಮ್ಮ ದರ್ಜಿ. ಅಂಗಿಗೆ ಗುಂಡಿ ಹಚ್ಚುತ್ತ ಕೇಳುತ್ತಾಳೆ. ಯಾವ ಸಾಲಿಗೆ ಸೂಜಿ ಕೆಳಗಿಟ್ಟಳೋ ಆ ಸಾಲನ್ನು ಅಕ್ಕ ತಿದ್ದುತ್ತಾಳೆ. ಅಮ್ಮನಿಗೆ ಕಾನೂನು ಗೊತ್ತಿಲ್ಲ, ಅನ್ಯಾಯ ಗೊತ್ತು.

ಅಮ್ಮನ ಕಣ್ಣಿನ ಆಪರೇಷನ್ ಆದ ವಾರ ಮಾತ್ರ ಒಂದು ಕರಾರು ಓದದೆ ಹೋಯಿತು. ಮಾತಾಡುವ ಫೋನಿಗೆ ದನಿ ಕೊಡುವವರ ಕರಾರು ಅದು.

ಮೂರು ವರ್ಷದ ಮೇಲೆ ನಿವೃತ್ತ ಬಸ್ ಡ್ರೈವರ್ ಒಬ್ಬರ ಪತ್ರ ಬಂತು. ಅವರ ಹೆಂಡತಿ ಆ ಫೋನಿಗಾಗಿ ಸಾವಿರಾರು ವಾಕ್ಯ ಓದಿಕೊಟ್ಟಿದ್ದರು, ಈಗ ತೀರಿಕೊಂಡಿದ್ದರು. "ಎಡಕ್ಕೆ ತಿರುಗಿ ಅಂತ ಫೋನು ಅವಳ ದನಿಯಲ್ಲೇ ಹೇಳುತ್ತದೆ. ಅದು ನನಗೆ ಬೇಡ, ದಾರಿ ನನಗೆ ಗೊತ್ತು. ಓದುವ ನಡುವೆ ಅವಳು ಕೆಮ್ಮಿದ್ದು, ನಕ್ಕಿದ್ದು ಇರುತ್ತದಲ್ಲ, ಅದನ್ನು ಕೊಡಿ" ಎಂದು ಬರೆದಿದ್ದರು.

ಧ್ವನಿಮುದ್ರಣವೆಲ್ಲ ಕಂಪನಿಯದು, ಕೊಡಲಾಗದು ಎಂಬ ಉತ್ತರ ಸಿದ್ಧವಾಗಿತ್ತು. ಅಕ್ಕನ ಸಹಿಯೊಂದು ಬಾಕಿ. ಅವಳು ಕರಾರಿನ ಆ ಸಾಲನ್ನು ಸಂಜೆ ಅಮ್ಮನಿಗೆ ಓದಿದಳು. ಅಮ್ಮ ಸೂಜಿ ಕೆಳಗಿಟ್ಟಳು.

"ಯಾರೇ ಇದನ್ನ ಬರ್ದಿದ್ದು?"

"ನಾನೇ ಅಮ್ಮ."

ಅಮ್ಮ ಮತ್ತೆ ಸೂಜಿ ಮುಟ್ಟಲಿಲ್ಲ.

ಮರುದಿನ ಅಕ್ಕ ತನ್ನ ಕರಾರನ್ನು ತಾನೇ ಪರರದ್ದೆಂಬಂತೆ ಓದಿದಳು. ಧ್ವನಿಮುದ್ರಣವೆಂದರೆ ಪಟ್ಟಿಯಲ್ಲಿರುವ ವಾಕ್ಯಗಳ ಓದು ಎಂದಿತ್ತು, ಅಷ್ಟೆ. ಕೆಮ್ಮು, ನಗು, ಹರಟೆಯನ್ನು ಡ್ರೈವರ್ ಹೆಂಡತಿ ಕಂಪನಿಗೆ ಬರೆದುಕೊಟ್ಟೇ ಇರಲಿಲ್ಲ! ಕೊಡಬಹುದಿತ್ತು. ಆದರೆ ಕೊಡಬೇಕೆಂದರೆ, ಕರಾರಿನಲ್ಲಿ ತೂತು ಬಿಟ್ಟವಳು ನಾನೇ ಎಂದು ಮೇಲಿನವರಿಗೆ ಬರೆದು ಒಪ್ಪಿಕೊಳ್ಳಬೇಕು. ಹತ್ತು ವರ್ಷ ಕಾದ ಬಡ್ತಿ ತೀರ್ಮಾನವಾಗುವ ತಿಂಗಳು ಅದು.

"ಸುಮ್ನೆ ಸಹಿ ಹಾಕ್ಬಿಡೆ ಅಕ್ಕ" ಎಂದೆ. ಹಾಗೆ ಅಂದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅವಳು ತಪ್ಪೊಪ್ಪಿಗೆಯನ್ನೇ ಬರೆದಳು. "ಯಾರ ಕಣ್ಣಿಗೂ ಬೀಳದ ತೂತನ್ನ ನೀವೇ ಬೆಟ್ಟು ಮಾಡಿ ತೋರಿಸಿದ್ರಲ್ಲ ಮೇಡಂ" ಎಂದರಂತೆ ಮೇಲಿನವರು. ಒಪ್ಪಿಗೆ ಕೊಟ್ಟರು. ಬಡ್ತಿಯನ್ನು ಬೇರೆಯವರಿಗೆ ಕೊಟ್ಟರು.

ಡ್ರೈವರ್ ಇಸ್ತ್ರಿ ಅಂಗಿ ತೊಟ್ಟು ಆಫೀಸಿಗೆ ಬಂದರು. ಚಿಕ್ಕ ಕೋಣೆಯಲ್ಲಿ ಅಕ್ಕ ಕಂಪ್ಯೂಟರ್ ಮುಂದೆ ಕೂರಿಸಿದಳು. ಸಹಿ ಪಡೆಯಬೇಕಾದ ರಸೀದಿ ಅವಳ ಕೈಯಲ್ಲೇ ಇತ್ತು. ಮೊದಲು ಕೆಮ್ಮು ಕೇಳಿಸಿತು, ಆಮೇಲೆ ಒಂದು ನಗು. ಆಮೇಲೆ ಆ ದನಿ ಯಾರಿಗೋ ಹೇಳಿತು:

"ಬೇಗ ಮುಗ್ಸೋಣ್ವಾ? ನಮ್ಮನೆಯವ್ರು ಹೊರಗೆ ಕಾಯ್ತಿದಾರೆ."

ಡ್ರೈವರ್ ಕುರ್ಚಿಯಿಂದ ಅರ್ಧ ಎದ್ದರು. "ಇಲ್ಲೇ ಇದೀನಿ ಕಣೇ, ನಿಧಾನಕ್ಕೆ ಬಾ" ಎಂದರು.

ಅಕ್ಕ ಆವತ್ತು ರಸೀದಿಗೆ ಸಹಿ ಹಾಕಿಸಿಕೊಳ್ಳಲಿಲ್ಲ.